ತೊಮಾಸಾಳ ಕಿಟಕಿ

ಕಾರ್ತಹೇನಾ
ಭಾನುವಾರ, 6 ಮಾರ್ಚ್ 1994

ಪ್ರೀತಿಯ ಉಬಾಲ್ದೊ ಅಣ್ಣನಿಗೆ,

ನೂರಿಸ್ ಅತ್ತಿಗೆಗೆ ಹೆರಿಗೆ ಸುಸೂತ್ರವಾಯಿತೆಂದು ತಿಳಿದು ಸಂತೋಷವಾಯಿತು. ಮಗುವಿಗೆ ನಮ್ಮ ಅಮ್ಮನ ಅಗಲ ಹಣೆ ಬಂದಿದೆ ಎಂದು ಬರೆದಿದ್ದೆ. ಆ ಸಾಲನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಬೇಕಾಯಿತು.

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಐದು ತಿಂಗಳು ಒಂದಕ್ಕೂ ಉತ್ತರ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತಿದೆ. ಆದರೆ ಮೂರನೆಯ ಪತ್ರದಲ್ಲಿ ನೀನು ನೇರವಾಗಿಯೇ ಕೇಳಿದ್ದೀಯೆ. ನೀನಿರುವ ಕೊಲೋನ್ ಬಂದರಿಗೆ ಬಂದಿದ್ದ ನಮ್ಮೂರಿನ ನಾವಿಕನೊಬ್ಬ, ಹೂಜಿ ಬೀದಿಯ ವಠಾರ ಖಾಲಿಯಾಯಿತು, ನಿಮ್ಮಪ್ಪನ ಸಾರೋಟಿನ ಪರವಾನಗಿ ಬಿಲ್ಲೆ ಕಿತ್ತುಕೊಂಡರು ಎಂದನಂತೆ. ಇದು ನಿಜವೇ, ಯಾಕೆ ಯಾರೂ ತಿಳಿಸಲಿಲ್ಲ ಎಂದು ಕೇಳಿದ್ದೀಯೆ.

ಎರಡೂ ನಿಜ. ಈಗ ಅಪ್ಪನೂ ನಾನೂ ಅಮ್ಮನ ದೊಡ್ಡಪ್ಪನ ಮಗಳ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ಜೌಗು ಕೆರೆಯ ದಂಡೆ, ತಗಡಿನ ಮಾಡು. ಹೊಸ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೆಚ್ಚುಕಮ್ಮಿ ಮಾಡಿ ಹೇಳುವ ಬುದ್ಧಿ ಈ ಮನೆಯಲ್ಲಿ ಯಾರದು ಎಂಬುದು ನಿನಗೆ ಗೊತ್ತು, ಅದು ನನ್ನದಲ್ಲ.

ಕಳೆದ ಮೇ ತಿಂಗಳಲ್ಲಿ ಇಬ್ಬರು ಅಳತೆ ಪಟ್ಟಿ ಹಿಡಿದು ವಠಾರಕ್ಕೆ ಬಂದರು. ಅಂಗಳ ಅಳೆದರು, ಬಾವಿಕಟ್ಟೆ ಅಳೆದರು, ಪೆತ್ರೋನಾ ಅಜ್ಜಿ ಕೊಬ್ಬರಿ ಮಿಠಾಯಿ ಕಾಸುವ ಒಲೆಯನ್ನೂ ಅಳೆದರು. ಒಂದು ವಾರ ಕಳೆದು ಬಾಗಿಲ ಮೇಲೆ ಕಾಗದ ಅಂಟಿತು. ಹಳೆಯ ಮಾಲೀಕನ ಮೊಮ್ಮಕ್ಕಳು ಬೊಗೊಟಾದ ಕಂಪನಿಯೊಂದಕ್ಕೆ ಮನೆ ಮಾರಿದ್ದರು. ಅಲ್ಲಿ ಹದಿನೆಂಟು ಕೋಣೆಗಳ ಹೋಟೆಲು ಬರುತ್ತದಂತೆ, ಹನ್ನೊಂದು ಸಂಸಾರಗಳೂ ವರ್ಷಾಂತ್ಯದೊಳಗೆ ಜಾಗ ಬಿಡಬೇಕಂತೆ. ಆ ಮೊಮ್ಮಕ್ಕಳು ಇದ್ದಾರೆಂಬುದೇ ನಮಗೆ ಗೊತ್ತಿರಲಿಲ್ಲ. ಮೂವತ್ತೆರಡು ವರ್ಷಗಳಿಂದ ಯಾರೂ ಬಾಡಿಗೆ ಕೇಳಿದವರಿಲ್ಲ. ಸೋರಿದಾಗ ಹೆಂಚು ಹೊದಿಸಿದವರು ನಾವು, ಗೋಡೆ ಬಿರಿದಾಗ ಸುಣ್ಣ ಬಳಿದವರು ನಾವು. ನೀನು ಹುಟ್ಟಿದ್ದು ಅಲ್ಲಿ, ಅಮ್ಮ ಕಣ್ಣು ಮುಚ್ಚಿದ್ದು ಅಲ್ಲಿ.

ಎಲ್ಲರೂ ಅಳುತ್ತ ಕೂತರು. ನಾನು ಕೂರಲಿಲ್ಲ. ಕೂರಬಾರದೆಂದು ಕಲಿಸಿದವನು ನೀನೇ. ಬಂದರು ಕಾರ್ಮಿಕರ ಸಂಘದ ಕೊಠಡಿಯಲ್ಲಿ ನೀನು ಬಿಟ್ಟುಹೋದ ಎರಡು ಪೆಟ್ಟಿಗೆ ಕಿರುಹೊತ್ತಿಗೆಗಳನ್ನು ಹದಿನಾರನೆಯ ವಯಸ್ಸಿನಿಂದ ಓದಿದ್ದೇನೆ, ಕೆಲವನ್ನು ಪುಟ ಉದುರುವವರೆಗೆ. ಅರಮನೆಯವರ ಚರಿತ್ರೆ ಕಾಗದದಲ್ಲಿದೆ, ಆಳುಗಳ ಚರಿತ್ರೆ ನಾಲಿಗೆಯ ಮೇಲಿದೆ, ಆ ನಾಲಿಗೆಯನ್ನು ನಂಬಿ ಎಂದು ಅವುಗಳಲ್ಲಿತ್ತು. ನಾನು ನಂಬಿದೆ. ನಮ್ಮ ಮನೆಯಲ್ಲೇ ಅಂಥ ನಾಲಿಗೆ ಇತ್ತಲ್ಲ.

ತೊಮಾಸಾಳ ಕಥೆ ಕೇಳುತ್ತಲೇ ನಾವಿಬ್ಬರೂ ಬೆಳೆದವರು. ವಠಾರದ ಬೀದಿ ಗೋಡೆಯಲ್ಲಿ, ಮೊಣಕಾಲೆತ್ತರಕ್ಕೆ, ಕಬ್ಬಿಣದ ಸರಳಿನ ಆ ಗಿಡ್ಡ ಕಿಟಕಿ. ಅಪ್ಪನ ಸಾರೋಟು ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ದನಿ ತಗ್ಗಿಸುತ್ತಿದ್ದ: "ಈ ಕಿಟಕಿ ನೋಡಿ ಸ್ವಾಮಿ. ಇದರ ಹಿಂದೆ ತೊಮಾಸಾ ಅನ್ನೋ ಹೆಂಗಸನ್ನ ಕೂಡಿಹಾಕಿದ್ರು. ಧಣಿಗಳ ಬಟ್ಟೆ ಒಗೆಯೋ ಕೆಲಸ. ಕೋಟೆ ಬಾಗಿಲ ಕಾವಲಿನವನು ಕುಡಿದು ಮಲಗಿದ ದಿನ ಸರಳಿಗೆ ಬಿಳಿ ಬಟ್ಟೆ ಕಟ್ತಿದ್ಲು. ಅದನ್ನ ನೋಡ್ಕೊಂಡು ಗುಲಾಮರು ಓಡಿಹೋಗ್ತಿದ್ರು, ಕಾಡಿಗೆ, ತಪ್ಪಿಸ್ಕೊಂಡ ನಮ್ಮೋರು ಕಟ್ಕೊಂಡ ಪಲೆಂಕೆ ಅನ್ನೋ ಊರಿಗೆ. ಎಷ್ಟೋ ಜನ ಹೋದ್ರು, ಅವಳು ಮಾತ್ರ ಇಲ್ಲೇ ಉಳಿದ್ಲು." ಜರ್ಮನಿಯವರು ಕೂತಿದ್ದರೆ ಓಡಿಹೋದವರು ನಲವತ್ತು ಜನ, ಅಮೆರಿಕದವರಾದರೆ ಮುನ್ನೂರು. ನಾನು ಚಿಕ್ಕವಳಿದ್ದಾಗ ಒಮ್ಮೆ ಇದನ್ನೇ ಕೇಳಿದ್ದಕ್ಕೆ, "ಅಮೆರಿಕದೋರಿಗೆ ಸಣ್ಣ ಲೆಕ್ಕ ಕಾಣಿಸಲ್ಲ ಮಗಳೇ" ಎಂದಿದ್ದ. ನಾನು ನಕ್ಕಿದ್ದೆ. ಅಂಕಿ ಸುಳ್ಳಿರಬಹುದು, ಹೆಂಗಸು ಸುಳ್ಳಿರಲಾರಳು ಎಂದುಕೊಂಡಿದ್ದೆ. ಪಲೆಂಕೆಯಿಂದ ಬಂದ ಅಜ್ಜಿ ತನಗೆ ಹೇಳಿದ್ದು ಎಂದು ಅವನೇ ಹೇಳುತ್ತಿದ್ದನಲ್ಲ.

ಎರಡು ವರ್ಷಗಳಿಂದ ಪ್ರತಿ ಭಾನುವಾರ ನಾನೂ ಜನರನ್ನು ಊರು ಸುತ್ತಿಸುತ್ತಿದ್ದದ್ದು ನಿನಗೆ ಗೊತ್ತಿದೆ. ಗಾಡಿಯಿಲ್ಲ, ದಕ್ಷಿಣೆಯಿಲ್ಲ, ಬರೀ ನಡಿಗೆ. ಗುಲಾಮರನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿದ್ದ ಚೌಕದಲ್ಲಿ ಈಗ ಮಿಠಾಯಿ ಮಾರುತ್ತಾರೆ. ಹಡಗಿನಿಂದಿಳಿದವರು ಅಲ್ಲಿ ಬಾಯಿ ಸಿಹಿ ಮಾಡಿಕೊಂಡು ಪಟ ತೆಗೆಸಿಕೊಳ್ಳುತ್ತಾರೆ. ನಾನು ಅಲ್ಲಿ ನಿಲ್ಲಿಸಿ, ಮಿಠಾಯಿ ಬಾಯಿಗೆ ಹಾಕಿಕೊಳ್ಳುವ ಮುಂಚೆಯೇ ವಿಷಯ ಹೇಳುತ್ತಿದ್ದೆ. ಕೆಲವರು ಅತ್ತರು, ಕೆಲವರು ಮಧ್ಯದಲ್ಲೇ ಹೊರಟುಹೋದರು. ನನ್ನ ಹಿಂಡನ್ನು ದಾಟಿಕೊಂಡು ಅಪ್ಪನ ಸಾರೋಟು ಹೋಗುವಾಗ ಅವನು ಕೂಗಿ ಹೇಳುತ್ತಿದ್ದ: "ಇವಳು ನಡೆಸ್ಕೊಂಡು ಹೋಗಿ ಬಯ್ತಾಳೆ, ನಾನು ಕೂರಿಸ್ಕೊಂಡು ಹೋಗಿ ಹೊಗಳ್ತೀನಿ. ಕಾಲು ನೋವಾದೋರು ಈ ಕಡೆ ಬನ್ನಿ." ಎಲ್ಲರೂ ನಗುತ್ತಿದ್ದರು. ನಾನೂ ನಕ್ಕದ್ದುಂಟು. ಎಷ್ಟೇ ತಮಾಷೆ ಮಾಡಿದರೂ ಕೊನೆಗೆ ಇಬ್ಬರೂ ನಿಲ್ಲುತ್ತಿದ್ದದ್ದು ಆ ಕಿಟಕಿಯ ಮುಂದೆಯೇ.

ನೋಟಿಸು ಬಂದ ಮೇಲೆ ಸಂಘದ ವಕೀಲರಾದ ಪುವೆಯೊ ಅವರ ಬಳಿ ಹೋದೆ. ಅವರು ಕಾಗದ ನೋಡಿ, ನನ್ನ ತೊಮಾಸಾಳ ಮಾತನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸುತ್ತ ಹೇಳಿದರು: "ತಂಗೀ, ಆ ಹೆಂಗಸನ್ನ ಬಿಡು. ಹನ್ನೊಂದು ಮನೆ, ಮೂವತ್ತೆರಡು ವರ್ಷ, ಬಾಡಿಗೆ ಕೇಳೋಕೆ ಒಬ್ಬನೂ ಬಂದಿಲ್ಲ. ಇಷ್ಟನ್ನೇ ಹೇಳು. ಬೇಸರದ ಮಾತು, ಆದ್ರೆ ಗೆಲ್ಲೋ ಮಾತು."

ನನಗೆ ಆ ಮಾತು ಅವಮಾನದಂತೆ ಕೇಳಿಸಿತು. ಹೆಂಚು ಹೊದಿಸಿದ ಲೆಕ್ಕ ಒಪ್ಪಿಸಿ ಕೋಣೆ ಬೇಡುವುದೇ? ನಮ್ಮ ಮುತ್ತಜ್ಜಂದಿರು ಕಟ್ಟಿದ ಊರಿನಲ್ಲಿ ನಾವು ಬೇಡಬೇಕೇ? ಪುವೆಯೊ ಅವರಿಗೆ ವಯಸ್ಸಾಗಿದೆ, ಸೋತು ಅಭ್ಯಾಸವಾಗಿದೆ ಎಂದುಕೊಂಡು ಎದ್ದು ಬಂದೆ.

ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಹನ್ನೆರಡು ಪುಟದ ಹೊತ್ತಿಗೆ ಮಾಡಿದೆ. ‘ತೊಮಾಸಾ ಇಲ್ಲಿದ್ದಳು’ ಎಂದು ಹೆಸರಿಟ್ಟೆ. ಅಣ್ಣಾ, ಅದು ಎಷ್ಟು ಬೇಗ ಹಬ್ಬಿತೆಂದರೆ ನನಗೇ ನಂಬಿಕೆಯಾಗಲಿಲ್ಲ. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಬಂದರು, ಹೋರಾಟ ಸಮಿತಿ ಕಟ್ಟಿದರು. ಆಗಸ್ಟಿನ ಒಂದು ದಿನ ಹೂಜಿ ಬೀದಿಯ ಎಲ್ಲ ಮಹಡಿಗಳಿಂದಲೂ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಹಾಸಿಗೆ ಹೊದಿಕೆ, ಕೂಸಿನ ಬಟ್ಟೆ, ಪೆತ್ರೋನಾ ಅಜ್ಜಿಯ ಒಳಲಂಗ ಕೂಡ. ಪತ್ರಿಕೆಯಲ್ಲಿ ಪಟ ಬಂತು. ಕಿಟಕಿಯ ಮುಂದೆ ಯಾರೋ ಹೂವಿಟ್ಟು ಹೋಗುತ್ತಿದ್ದರು. ಆ ಬೀದಿಯಲ್ಲಿ ನಡೆಯುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹಳೆಯ ಕಟ್ಟಡಗಳನ್ನು ಕಾಯುವ ಸಮಿತಿಯವರು ಮಣಿದರು. ಅಕ್ಟೋಬರ್ ಹದಿನಾಲ್ಕಕ್ಕೆ ಬಹಿರಂಗ ವಿಚಾರಣೆ ಇಡುತ್ತೇವೆ, ಆ ಮನೆಗೆ ಚರಿತ್ರೆಯ ಮಹತ್ವವಿದೆ ಎಂದು ರುಜುವಾತಾದರೆ ಒಳಗಿರುವವರನ್ನು ಎಬ್ಬಿಸುವಂತಿಲ್ಲ ಎಂದರು. ರುಜುವಾತಿಗೆ ಬೇಕಾದದ್ದು ಅಪ್ಪನ ಹೇಳಿಕೆ. ಅದನ್ನು ನಾನು ಬರೆದೆ, ಅವನು ಕೆಳಗೆ ಸಹಿ ಮಾಡಿದ. ಓದುಬರಹ ಬಾರದವನು ಬಿಲ್ಲೆಗಾಗಿ ಕಲಿತ ಆ ಒಂದೇ ಸಹಿ, ಕೊನೆಯ ಅಕ್ಷರ ಮೇಲಕ್ಕೆ ಹಾರಿಹೋಗುವಂಥದು. ಅದರ ಹಿಂದೆಯೇ ಹನ್ನೊಂದು ಸಂಸಾರಗಳವರೂ ತಾವು ಎಷ್ಟು ವರ್ಷದಿಂದ ಅಲ್ಲಿದ್ದೇವೆ ಎಂಬ ಹೇಳಿಕೆಗಳನ್ನು ಸೇರಿಸಿದರು. ಎಲ್ಲವನ್ನೂ ಒಂದೇ ಕಡತದಲ್ಲಿ ಹೊಲಿದು ಕೊಟ್ಟೆವು.

ವಿಚಾರಣೆ ಬೆಳಗ್ಗೆ ಹತ್ತಕ್ಕೆ. ವಠಾರದವರೆಲ್ಲ ಈಸ್ಟರಿಗೆ ಉಡುವ ಬಟ್ಟೆ ಉಟ್ಟು ಬಂದಿದ್ದರು. ಅಪ್ಪ ಕರಿಕೋಟು ತೊಟ್ಟು, ಸಾರೋಟಿನ ಟೋಪಿ ಕೈಯಲ್ಲಿ ಹಿಡಿದಿದ್ದ. ಅವನು ಹೇಳಿದ, ಯಾವತ್ತೂ ಹೇಳದಷ್ಟು ಚೆನ್ನಾಗಿ ಹೇಳಿದ. ಈ ಸಲ ನಲವತ್ತು ಮುನ್ನೂರು ಏನೂ ಇರಲಿಲ್ಲ, ಎಷ್ಟು ಜನವೋ ತಿಳಿಯದು ಎಂದ. ಮೂವರು ಸದಸ್ಯರಲ್ಲಿ ನಡುವೆ ಕೂತ ಹೆಂಗಸು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಗೆದ್ದೆವು ಎಂದುಕೊಂಡೆ.

ಆಮೇಲೆ ಕಂಪನಿಯ ಪರವಾಗಿ ಲೊಂದೋನ್ಯೊ ಎಂಬಾತ ಎದ್ದ. ಹಳೆಯ ದಾಖಲೆ ಹುಡುಕುವುದೇ ಅವನ ಕಸುಬು. ನಾನು ಕಲ್ಪಿಸಿಕೊಂಡಿದ್ದ ದುಷ್ಟನ ಮುಖ ಅವನದಲ್ಲ. ಬೆವರು ಒರೆಸಿಕೊಳ್ಳುವ, ಮೆತ್ತಗೆ ಮಾತಾಡುವ ಸಣ್ಣ ಆಳು. ಮನೆ ಕಟ್ಟಿದ್ದು 1889ರಲ್ಲಿ, ಗುಲಾಮಗಿರಿ ಮುಗಿದು ಮೂವತ್ತೇಳು ವರ್ಷವಾದ ಮೇಲೆ ಎಂದ. ಗೋಡೆ ಅದಕ್ಕಿಂತ ಹಳೆಯದಿರಬಹುದಲ್ಲ ಎಂದು ನಾನು ಕೂತಲ್ಲಿಂದಲೇ ಹೇಳಿದೆ. ಇರಬಹುದು ತಾಯೀ ಎಂದು ಒಪ್ಪಿಕೊಂಡು ಎರಡನೆಯ ಕಾಗದ ತೆಗೆದ. ಅದು 1931ರ ನಕ್ಷೆ. ಆ ವರ್ಷ ಮನೆಯ ಮುಂಭಾಗದಲ್ಲಿ ಐಸು ದಾಸ್ತಾನು ಮಾಡುವ ಅಂಗಡಿ ಬಂದಿತ್ತು. ಬೀದಿಯಿಂದ ಐಸಿನ ಹಲಗೆಗಳನ್ನು ಒಳಕ್ಕೆ ಜಾರಿಸಲು ಗೋಡೆ ಕೊರೆದು ಕಿಂಡಿ ಮಾಡಿದ್ದರು. ನಕ್ಷೆಯಲ್ಲಿ ಅದರ ಅಗಲ ಎತ್ತರವೆಲ್ಲ ಬರೆದಿತ್ತು. ಅದೇ ಕಿಟಕಿ, ಸರಳು ಆಮೇಲೆ ಕೂರಿಸಿದ್ದು.

ಅಷ್ಟಾದರೂ ಅಪ್ಪ ಜಗ್ಗಲಿಲ್ಲ. ಹಳೇ ಕಿಟಕಿಯನ್ನೇ ದೊಡ್ಡದು ಮಾಡಿರಬಹುದು ಎಂದ. ಆಗ ಲೊಂದೋನ್ಯೊ ಒಂದು ಪಟ ತಂದು ಅಪ್ಪನ ಕೈಗೇ ಕೊಟ್ಟ. ಐವತ್ತರ ಇಸವಿಯದು. ಹೂಜಿ ಬೀದಿ, ನಮ್ಮ ಗೋಡೆ, ಕಿಂಡಿಯ ಪಕ್ಕದಲ್ಲಿ ಐಸುಗಾಡಿ, ಗಾಡಿಗೆ ಕಟ್ಟಿದ ಒಂದು ಬಿಳಿಯ ಹೆಣ್ಣುಕುದುರೆ. ಅಪ್ಪ ಪಟವನ್ನು ಕಣ್ಣಿನ ಹತ್ತಿರ ಹಿಡಿದ. ಅವನ ಮುಖ ಅರಳಿತು. ಎಲ್ಲಿದ್ದೇನೆಂಬುದನ್ನೇ ಮರೆತ.

"ಅಯ್ಯೋ, ಇದು ನಮ್ಮ ಮರಿಪೋಸಾ" ಎಂದ.

ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಡುತ್ತ ಹೋದ, ಹಳೆಯ ಗೆಳೆಯನ ವಿಷಯ ಮಾತಾಡುವವನ ಹಾಗೆ. ಐವತ್ತೈದರಲ್ಲಿ ಐಸು ಕಾರ್ಖಾನೆಗೆ ಲಾರಿ ಬಂದಾಗ ಕುದುರೆಗಳನ್ನು ಮಾರಿದರು. ಮರಿಪೋಸಾಳನ್ನು ಕೊಂಡು ಅಪ್ಪ ಸಾರೋಟು ಶುರುಮಾಡಿದ. ಆದರೆ ಅವಳು ಹತ್ತು ವರ್ಷ ಐಸು ಎಳೆದವಳು. ಐಸು ಇಳಿಸುತ್ತಿದ್ದ ಒಂದೊಂದು ಬಾಗಿಲಲ್ಲೂ ತಾನಾಗಿ ನಿಲ್ಲುತ್ತಿದ್ದಳು, ಐಸು ಇಳಿಸುವಷ್ಟು ಹೊತ್ತು ಕಳೆಯದೆ ಹೆಜ್ಜೆ ಕೀಳುತ್ತಿರಲಿಲ್ಲ. ಚಾವಟಿಗೂ ಜಗ್ಗಲಿಲ್ಲ, ಬೆಲ್ಲಕ್ಕೂ ಜಗ್ಗಲಿಲ್ಲ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಹಿಂದೆ ಕೂತೋರು ಯಾಕಪ್ಪಾ ನಿಲ್ಲಿಸಿದೆ ಅಂತ ಕೇಳೋರು. ಕುದುರೆ ನಿಂತಿದೆ ಅಂದ್ರೆ ಮರ್ಯಾದೆ ಹೋಗುತ್ತೆ. ಏನಾದ್ರೂ ಹೇಳ್ಬೇಕಲ್ಲ ಸ್ವಾಮಿ. ಮೂಲೆ ಅಂಗಡೀಲಿ ಎರಡು ಹಲಗೆ ಇಳಿಸೋರು, ಅಲ್ಲಿಗೆ ಸಣ್ಣ ಕಥೆ ಸಾಕಾಗ್ತಿತ್ತು, ಪಾದ್ರಿ ಭೂತದ್ದು. ಹೂಜಿ ಬೀದೀದು ದೊಡ್ಡ ಅಂಗಡಿ. ಅಲ್ಲಿ ಅವಳು ತುಂಬಾ ಹೊತ್ತು ನಿಲ್ತಿದ್ಲು. ದೊಡ್ಡ ಕಥೇನೇ ಬೇಕಾಯ್ತು."

ಸಭೆ ನಕ್ಕಿತು. ನಡುವೆ ಕೂತಿದ್ದ ಆ ಹೆಂಗಸೂ ನಕ್ಕರು. ಮರಿಪೋಸಾ ಸತ್ತ ಮೇಲೆ ಬಂದ ಕುದುರೆಗಳೂ ಹಳೆಯ ಕುದುರೆಯ ಜೊತೆ ಓಡಿ ಅದೇ ನಿಲುಗಡೆಗಳನ್ನು ಕಲಿತವು. ಬೇರೆ ಸಾರೋಟಿನವರೂ ಅಪ್ಪನ ಹಿಂದೆ ನಿಂತು ನಿಂತು ಅವೇ ಕಥೆಗಳನ್ನು ಎತ್ತಿಕೊಂಡರು. ಹೊರದೇಶದವರಿಗೆ ನಾವು ತೋರಿಸುತ್ತ ಬಂದ ಇಡೀ ಊರಿನ ಚರಿತ್ರೆ, ಅಣ್ಣಾ, ಐಸುಗಾಡಿಯ ದಾರಿ. ಎರಡು ವರ್ಷ ನಾನು ಜನರನ್ನು ಅದರ ಮೇಲೆ ನಡೆಸಿದೆ, ಅವರ ಕಣ್ಣಲ್ಲಿ ನೀರು ತರಿಸಿದೆ.

ಲೊಂದೋನ್ಯೊ ನಗಲಿಲ್ಲ. ಅವನು ಕಡತ ತೆರೆದು ನನ್ನ ಹೊತ್ತಿಗೆಯನ್ನು ಎತ್ತಿ ಹಿಡಿದು ಅಪ್ಪನನ್ನು ಕೇಳಿದ:

"ಇದನ್ನು ಬರೆದ ನಿಮ್ಮ ಮಗಳಿಗೆ ಈ ವಿಷಯ ಗೊತ್ತಿತ್ತೇ?"

"ಇಲ್ಲ ಸ್ವಾಮಿ. ಅವಳು ಓದೋ ಹುಡುಗಿ, ಕಪಟ ಗೊತ್ತಿಲ್ಲ. ಹುಟ್ಟಿದಾಗಿಂದ ಅವಳಿಗೂ ಮೋಸ ಮಾಡ್ಕೊಂಡೇ ಬಂದಿದೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಗೊತ್ತಿರಲಿಲ್ಲ ಎಂದು ನಾನೂ ಹೇಳಿದೆ. ನೋಡು, ತನ್ನ ಬಾಯಿಂದಲೇ ಒಪ್ಪಿಕೊಂಡ. ನನ್ನ ಬಾಲ್ಯ, ನನ್ನ ನಂಬಿಕೆ, ನಾನು ಇಪ್ಪತ್ತೆರಡು ವರ್ಷ ತಲೆಯೆತ್ತಿ ನಡೆದ ನೆಲ, ಎಲ್ಲವೂ ಒಂದು ಕುದುರೆಯ ಮೊಂಡುತನಕ್ಕೆ ಅವನು ಹಾಕಿದ ತೇಪೆ. ಸುಳ್ಳು ಹೇಳಿ ಹೊಟ್ಟೆ ಹೊರೆಯುವವನನ್ನು ಕ್ಷಮಿಸಬಹುದು. ಅದೇ ಸುಳ್ಳನ್ನು ಹನ್ನೊಂದು ಸಂಸಾರಗಳ ತಲೆಯ ಮೇಲೆ ಹೊದಿಸಿ, ಮಾಡು ಗಟ್ಟಿಯಿದೆ ಎಂದವನನ್ನು ಏನೆನ್ನಬೇಕು? ನಮ್ಮ ಜನ ಸೋಲುವುದು ಧಣಿಗಳ ಬಲದಿಂದಲ್ಲ, ನಮ್ಮದೇ ಸಡಿಲ ನಾಲಿಗೆಯಿಂದ ಎಂದು ಆಮೇಲೆ ಹೋರಾಟ ಸಮಿತಿಯ ಸಭೆಯಲ್ಲಿ ಹೇಳಿದೆ. ಚಪ್ಪಾಳೆ ತಟ್ಟಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕಡತದ ಮುಖ್ಯ ಹೇಳಿಕೆಯೇ ಸುಳ್ಳಾದ್ದರಿಂದ ಅದರ ಜೊತೆಗಿರುವ ಯಾವುದನ್ನೂ ನಂಬಲಾಗದು ಎಂದು ತೀರ್ಮಾನ ಬಂತು. ಎಷ್ಟು ವರ್ಷದಿಂದ ಇದ್ದೇವೆ ಎಂದು ಜನ ಬರೆದುಕೊಟ್ಟ ನಿಜವೂ ತೊಮಾಸಾಳ ಜೊತೆ ಮುಳುಗಿತು. ಪುವೆಯೊ ಅವರು ಮತ್ತೆ ಅರ್ಜಿ ಬರೆದು ನೋಡಿದರು. ಅದೇ ಜನ, ಅದೇ ಸಹಿ, ಈಗ ಇನ್ನೊಂದು ಕಥೆ ತಂದಿದ್ದಾರೆ ಎಂದು ಕಂಪನಿಯ ವಕೀಲರು ಹೇಳಿದರಂತೆ. ಜನವರಿ ಹದಿನೈದಕ್ಕೆ ವಠಾರ ಖಾಲಿಯಾಯಿತು.

ಸಾರೋಟಿನವರ ಸಂಘ ಅಪ್ಪನ ಬಿಲ್ಲೆ ಕಿತ್ತುಕೊಂಡಿತು. ಕಸುಬಿನ ಮಾನ ಕಳೆದನಂತೆ. ಬಿಲ್ಲೆ ಕೇಳಲು ಬಂದ ಮೂವರಲ್ಲಿ ಒಬ್ಬ ಅಪ್ಪನಿಂದಲೇ ಕಸುಬು ಕಲಿತವನು, ಪಾದ್ರಿ ಭೂತದ ಕಥೆ ಹೇಳಿಯೇ ಮನೆ ಕಟ್ಟಿಸಿದವನು. ಅಪ್ಪ ಅದನ್ನು ಕೋಟಿನಿಂದ ಬಿಚ್ಚಿ ಕೊಟ್ಟ. ಕುದುರೆ ಕನೇಲಾಳನ್ನೂ ಅವರಲ್ಲೇ ಒಬ್ಬ ಕೊಂಡ. ಅವರೆಲ್ಲ ಈಗಲೂ ಹೂಜಿ ಬೀದಿಯಲ್ಲಿ ನಿಲ್ಲುತ್ತಾರೆ, ತೊಮಾಸಾಳ ಕಥೆ ಹೇಳುತ್ತಾರೆ. ನನ್ನ ಹೊತ್ತಿಗೆಯ ಸಾಲುಗಳನ್ನೂ ಸೇರಿಸಿಕೊಂಡಿದ್ದಾರೆ. ನಾನು ಬರೆದದ್ದು ಅವರ ಬಾಯಲ್ಲಿ ಕೇಳಲು ಚೆನ್ನಾಗಿಯೇ ಇದೆ.

ಹೋರಾಟ ಸಮಿತಿಯವರು ನನ್ನನ್ನು ಬಿಡಲಿಲ್ಲ. ನೀನು ಮೋಸಹೋದವಳು, ಮೋಸ ಮಾಡಿದವಳಲ್ಲ ಎಂದು ಹೇಳಿ ಕಾರ್ಯದರ್ಶಿಯಾಗಿ ಆರಿಸಿದರು. ಈಗ ಬೇರೆ ಎರಡು ಬೀದಿಗಳ ಕೆಲಸ ಕೈಗೆತ್ತಿಕೊಂಡಿದ್ದೇವೆ. ಈ ಸಲ ಪ್ರತಿಯೊಂದು ಮಾತಿಗೂ ಕಾಗದದ ಆಧಾರ ಇರಬೇಕೆಂಬುದು ನಾನು ಮಾಡಿದ ನಿಯಮ.

ಖಾಲಿ ಮಾಡುವ ದಿನ ಪೆತ್ರೋನಾ ಅಜ್ಜಿಯ ಪಾತ್ರೆಗಳನ್ನು ನಾನೇ ಕಟ್ಟಿಕೊಟ್ಟೆ. ಅರುವತ್ತು ವರ್ಷ ಆ ಅಂಗಳದಲ್ಲಿದ್ದವಳು, ಐಸಂಗಡಿ ಇದ್ದದ್ದು ಅವಳಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಯಾಕೆ ಬಿಳಿ ಬಟ್ಟೆ ಕಟ್ಟಿದೆ, ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು.

"ಆ ಕಿಂಡಿಯಿಂದ ಬಿದ್ದ ಐಸಿನ ಚೂರು ಆರಿಸಿ ಶರಬತ್ತು ಮಾಡಿ ಮಾರಿದೋಳು ನಾನು. ವಠಾರದ ಮುದುಕ ಮುದುಕಿಯರಿಗೆಲ್ಲ ಗೊತ್ತಿತ್ತು ಕೂಸೇ. ಸಾರೋಟಿನವನು ಸವಾರಿ ಮುಂದೆ ಹೇಳೋ ಮಾತಿಗೆ ಬಾಗಿಲಲ್ಲಿ ಕೂತೋರು ಎದುರಾಡಲ್ಲ, ಅದು ಅವನ ಅನ್ನ. ನೀನು ಕಾಗದ ತಂದಾಗ, ಇದೂ ಹಂಗೇ, ಮನೆ ಉಳೀಲಿ ಅಂತ ಎಲ್ಲರೂ ಸೇರಿ ಹೇಳ್ತಿರೋದು ಅಂದ್ಕೊಂಡ್ವಿ. ನಿನಗೂ ಗೊತ್ತಿದೆ ಅಂದ್ಕೊಂಡ್ವಿ." ಪಾತ್ರೆಯೊಂದನ್ನು ನನ್ನ ಕೈಗೆ ಕೊಡುತ್ತ ಕೇಳಿದಳು: "ನಿನಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದು ಹೇಳಿ ಗಂಟು ಬಿಗಿದೆ.

ಅವಳು ಈಗ ಗುಡ್ಡದ ಹಿಂದೆ ಮಗಳ ಮನೆಯಲ್ಲಿದ್ದಾಳೆ. ಅಲ್ಲಿ ಮಿಠಾಯಿ ಮಾರಲು ಬೀದಿಯಿಲ್ಲ, ಮಗಳು ಒಲೆಯ ಹತ್ತಿರ ಬಿಡುವುದೂ ಇಲ್ಲವಂತೆ. ಕಳೆದ ವಾರ ನೋಡಲು ಹೋದಾಗ ನಿನ್ನ ಮಗುವಿನ ವಿಷಯ ಹೇಳಿದೆ. ಎದ್ದು ಕೂತು, ಕಡಲಿನ ಕಡೆ ಕೈಯೆತ್ತಿ ಆ ಕೂಸಿಗೆ ಹರಸಿದಳು. ಸುಳ್ಳು ಹೇಳದ ಬಾಯಿ, ಒದ್ದೆಯಾಗದ ಮಾಡು, ಊರು ಬಿಡದ ಕಾಲು ಅವನಿಗೆ ಸಿಗಲಿ ಎಂದಳು. ಅದರಲ್ಲಿ ಒಂದಾದರೂ ಸಿಗಲಿ ಎಂದು ನಾನೂ ಬಯಸುತ್ತೇನೆ.

ನೀನು ಬರುವ ಆಲೋಚನೆ ಮಾಡಬೇಡ. ಇಲ್ಲಿ ಉಳಿಸಿಕೊಳ್ಳಲು ಈಗ ಏನೂ ಇಲ್ಲ. ಅತ್ತಿಗೆಗೆ ನನ್ನ ಪ್ರೀತಿ ತಿಳಿಸು, ಮಗುವಿನ ಪಟ ಕಳಿಸು. ಬೆನ್ನುನೋವಿರುವಾಗ ಭಾರ ಎತ್ತಬೇಡ ಎಂದರೆ ಬಂದರಿನಲ್ಲಿ ಯಾರು ಕೇಳುತ್ತಾರೆ, ಆದರೂ ಹುಷಾರಾಗಿರು.

ಇಂತು ನಿನ್ನ ತಂಗಿ,
ಡಾಮರಿಸ್ ಕಸ್ಸಿಯಾನಿ

ತಾ.ಕ.: ಅಣ್ಣಾ, ಪತ್ರ ಮೇಲಿನ ಸಹಿಗೆ ಮುಗಿದಿತ್ತು. ನಿನಗೆ ಬರೆದದ್ದನ್ನು ಲಕೋಟೆಗೆ ಹಾಕುವ ಮುಂಚೆ ಅಪ್ಪನಿಗೆ ಓದಿ ಹೇಳುವುದು ನಮ್ಮ ವಾಡಿಕೆಯಲ್ಲವೇ, ಇದನ್ನೂ ಓದಿದೆ. ಅವನ ಮೇಲಿನ ಬಿರುಸು ಮಾತುಗಳನ್ನೂ ಬಿಡಲಿಲ್ಲ. ಮಂಚದ ಅಂಚಿನಲ್ಲಿ ಕೂತು ಕೊನೆಯವರೆಗೂ ಕೇಳಿದ. ಆಮೇಲೆ, "ಚೆನ್ನಾಗಿ ಬರ್ದಿದ್ದೀಯ ಮಗಳೇ. ಹಿಂಗೇ ಕಳಿಸು. ನಾನಂತೂ ಮುದುಕ, ನಿನಗೊಬ್ಬ ಅಣ್ಣ ಬೇಕು" ಎಂದು ಕೊಡ ತೆಗೆದುಕೊಂಡು ನಲ್ಲಿಯ ಕಡೆ ಹೋದ.

ಅವನು ವಾಪಸು ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ನನಗೆ ಗೊತ್ತಿತ್ತು. ವಿಚಾರಣೆಗೆ ಮೂರು ವಾರ ಮುಂಚೆಯೇ ಗೊತ್ತಿತ್ತು. ಹೇಳಿಕೆ ಬರೆದುಕೊಂಡು ಲಾಯಕ್ಕೆ ಹೋಗಿದ್ದೆ, ಅವನು ಕನೇಲಾಳ ಮೈ ತೊಳೆಯುತ್ತಿದ್ದ. ಓದಿ ಹೇಳಿದೆ. ಬ್ರಷ್ಷು ಕೆಳಗಿಟ್ಟು, "ಕೂಸೇ, ತೊಮಾಸಾ ಅಂತ ಯಾರೂ ಇಲ್ಲ" ಎಂದ. ಮರಿಪೋಸಾಳ ವಿಷಯವನ್ನೆಲ್ಲ ಅವತ್ತೇ ಹೇಳಿದ. ಸಹಿ ಮಾಡಲಾರೆ ಎಂದ. "ಸವಾರಿಯೋರಿಗೆ ಹೇಳಿದ್ದು ಅವರು ಇಳಿದ ಕೂಡ್ಲೇ ಮುಗೀತು. ಇದರ ಕೆಳಗೆ ಹೆಸರು ಬರೆದ್ರೆ ಮುಗಿಯಲ್ಲ ಮಗಳೇ. ವಕೀಲರು ಹೇಳಿದಂಗೆ ಮಾಡು."

ನಾನು ಏನು ಮಾಡಬಹುದಿತ್ತು ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ. ಮೂರು ವಾರ ಸಮಯವಿತ್ತು. ಪುವೆಯೊ ಅವರ ಬಾಗಿಲು ತಟ್ಟಬಹುದಿತ್ತು. ಆದರೆ ಅಷ್ಟೊತ್ತಿಗೆ ಹೊತ್ತಿಗೆ ಎಲ್ಲರ ಕೈಯಲ್ಲಿತ್ತು, ನನ್ನ ಹೆಸರು 'ತೊಮಾಸಾಳ ಹುಡುಗಿ' ಎಂದಾಗಿತ್ತು. ನಾನು ಅಪ್ಪನಿಗೆ ಹೇಳಿದೆ, ಅಂಥ ಸಾವಿರ ಹೆಂಗಸರು ಇದ್ದರು, ಹೆಸರು ಮಾತ್ರ ಉಳಿಯಲಿಲ್ಲ, ನೀನು ಕೊಟ್ಟದ್ದು ಹೆಸರು ಅಷ್ಟೇ, ಅದು ಸುಳ್ಳಲ್ಲ ಎಂದು. ಅವನು ತಲೆಯಾಡಿಸಲಿಲ್ಲ. ಆಗ ಇನ್ನೊಂದು ಮಾತು ಹೇಳಿದೆ: "ಜೀವಮಾನವೆಲ್ಲ ಬೇರೆಯೋರಿಗೋಸ್ಕರ ಸುಳ್ಳು ಹೇಳಿದ್ದೀಯ ಅಪ್ಪಾ. ಒಂದು ಸಲ ನಮಗೋಸ್ಕರ ಹೇಳು." ಕೈ ಒರೆಸಿಕೊಂಡು ಸಹಿ ಮಾಡಿದ.

ಸಭೆಯಲ್ಲಿ ಲೊಂದೋನ್ಯೊ ಆ ಪ್ರಶ್ನೆ ಕೇಳಿದಾಗ ಅವನು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಲ್ಲುತ್ತಿರಲಿಲ್ಲ. ಪೆತ್ರೋನಾ ಅಜ್ಜಿ ಕೇಳಿದಾಗಲೂ ಹೇಳಲಿಲ್ಲ. ಒಂದು ಗಂಟೆಯ ಹಿಂದೆ ನಿನಗೂ ಅದನ್ನೇ ಬರೆದೆ.

ಈ ಹಾಳೆಯನ್ನು ಅವನಿಗೆ ಓದಿ ಹೇಳುವುದಿಲ್ಲ, ಹೇಳಿದರೆ ಹರಿದು ಹಾಕು ಎನ್ನುತ್ತಾನೆ. ನೀನು ಉತ್ತರ ಬರೆಯುವಾಗ ನನ್ನ ಹೆಸರಿಗೆ ಬರೆಯಬೇಡ, ಅಪ್ಪನ ಹೆಸರಿಗೆ ಬರೆ. ನನ್ನ ಬಗ್ಗೆ ನಿನಗನ್ನಿಸಿದ್ದನ್ನೆಲ್ಲ ಅದರಲ್ಲೇ ಬರೆ. ಅವನಿಗೆ ಓದಿ ಹೇಳಬೇಕಾದವಳು ನಾನೇ. ಒಂದಕ್ಷರವನ್ನೂ ಬಿಡದೆ ಓದುತ್ತೇನೆ.